ಕಾಗೆಕುದ್ರುವಿನ ಟಣ್

ಬೆಳ್ಳಗಿರುವುದೆಲ್ಲ ನೊರೆಯಲ್ಲ, ನೊರೆಯಿದ್ದಲ್ಲೆಲ್ಲ ಹಾಲಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು ಹೀಗಲ್ಲ ಎಂದು ತಕರಾರು ತೆಗೆಯುವವರು ಸ್ವಲ್ಪ ತಾಳಬೇಕು. ಹಿರಿಯರ ಮಾತನ್ನು ಹೇಳಿದ ಹಾಗೆಯೇ ಉಳಿಸಿಕೊಳ್ಳುವ ಜನರಾಗಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಇದು ಅಪ್ಪಟ ನಿಜ ಕಥೆ. ನಡೆಯುವುದಕ್ಕೆ ಇನ್ನೊಂದಷ್ಟು ವರ್ಷ ಬಾಕಿ ಇದೆ, ಅಷ್ಟೇ.

ಆ ಕಾಲಕ್ಕೆ ಕುಂದಾಪುರದ ಕಡೆಯ ಕಡಲು ನೆಂಟನ ಹಾಗೆ ಊರೊಳಗೆ ಬಂದು, ನಾಳೆ ಹೋಗುತ್ತೇನೆ ನಾಡಿದ್ದು ಹೋಗುತ್ತೇನೆ ಎನ್ನುತ್ತಲೇ ಕಾಯಂ ಆಗಿ ಕೂತುಬಿಟ್ಟಿತ್ತು. ಗದ್ದೆಗಳ ಮೇಲೆ ಭರತ ಇಳಿತ ಆಡುತ್ತಿದ್ದವು. ಹೊಳೆಯ ನಡುವಿನ ಕುದ್ರುಗಳಲ್ಲಿ, ಎಂದರೆ ನಡುಗಡ್ಡೆಗಳಲ್ಲಿ, ಮನೆಗಳೆಲ್ಲ ಕಂಬದ ಮೇಲೇರಿದ್ದವು. ಸೇತುವೆಗಳು ಒಂದೊಂದಾಗಿ ಕುಸಿದವು. ಉಪ್ಪು ತಿಂದ ಕಂಬ ನೀರು ಕುಡಿಯಲೇಬೇಕಲ್ಲ. ಅವನ್ನು ಮತ್ತೆ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಮನೆಮನೆಗೂ ಗರಿದೋಣಿ ಬಂದಿತ್ತು.

ಗರಿದೋಣಿ ಎಂದರೆ ಕಯಾಕೇ. ಒಬ್ಬರೋ ಇಬ್ಬರೋ ಕಾಲು ಚಾಚಿ ಕೂತು, ಎರಡು ತುದಿಯ ಹುಟ್ಟು ಹಾಕಿ ನಡೆಸುವ, ಮೀನಿನ ಮೈಯ ದೋಣಿ. ಆದರೆ ತೂಕ ಮಾತ್ರ ಒಬ್ಬ ಅಜ್ಜಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಸಂತೆಗೆ ಹೋಗಬಹುದಾದಷ್ಟು. ಗುಟ್ಟು ಇದ್ದದ್ದು ತಿರುಳಿನಲ್ಲಿ. ಒಂದು ಹಪ್ಪಳ ಬೆರಳು ತಾಗಿದರೆ ಮುರಿಯುತ್ತದೆ. ಎರಡು ಹಪ್ಪಳಗಳ ನಡುವೆ ಗಟ್ಟಿ ನೊರೆ ತುಂಬಿ, ಮೂರೂ ಒಂದನ್ನೊಂದು ಬಿಡದ ಹಾಗೆ ಅಂಟಿಸಿದರೆ ಅದರ ಮೇಲೆ ಮಾವನನ್ನು ಕೂರಿಸಬಹುದು. ನಾರಿನ ಬಟ್ಟೆಗೆ ರಾಳ ಸವರಿ ಮಾಡಿದ ಒಂದು ಹೊರಪದರ, ಅಂಥದೇ ಒಂದು ಒಳಪದರ, ನಡುವೆ ನೊರೆ. ಎಳೆತ ನೂಕು ಎಲ್ಲ ಪದರಗಳ ಪಾಲು; ಅವೆರಡನ್ನೂ ಹತ್ತಿರ ಬರಗೊಡದೆ, ದೂರ ಹೋಗಗೊಡದೆ ಹಿಡಿದು ನಿಲ್ಲಿಸುವುದು ನೊರೆಯ ಪಾಲು. ಗಂಡ ಹೆಂಡಿರ ನಡುವೆ ಅತ್ತೆ ನಿಂತ ಹಾಗೆ ಎಂದು ಈ ಕಥೆಯ ನಾಯಕ ಶೀನ ವಿವರಿಸುತ್ತಿದ್ದ. ಅವನಿಗೆ ಅತ್ತೆ ಇರಲಿಲ್ಲ, ಆದ್ದರಿಂದ ಧೈರ್ಯವಿತ್ತು.

ಇಷ್ಟೇ ಆಗಿದ್ದರೆ ಅದು ಹಳೆಯ ವಿದ್ಯೆ. ಹೊಸತೇನೆಂದರೆ ಆ ನೊರೆಗೆ ಜೀವವಿತ್ತು. ಉಪ್ಪುನೀರಿನ ಅಂಚಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದ ಕೆಸರಿನಿಂದ ತೆಗೆದ ಒಂದು ಸೂಕ್ಷ್ಮಜೀವಿ ಗಂಜಿಯ ತಿಳಿ ಕುಡಿದು ಗುಳ್ಳೆ ಕಟ್ಟುತ್ತಿತ್ತು. ಗುಳ್ಳೆಯ ಗೋಡೆ ಜೇಡರ ಬಲೆಯಷ್ಟು ತೆಳು, ಕರಟದಷ್ಟು ಗಟ್ಟಿ. ಬಂಡೆಗೆ ತಾಗಿ ದೋಣಿ ಸೀಳಿದರೆ ನೊರೆ ತಾನೇ ಉಕ್ಕಿ ಬಂದು ಸೀಳು ಮುಚ್ಚುತ್ತಿತ್ತು. ಹಾಗಾಗಿ ಮಂಗಳವಾರ ಬೆಳಿಗ್ಗೆ ದೋಣಿಯ ಮೂತಿಯ ತೂತಿಗೆ ಒಂದು ಚೊಂಬು ಗಂಜಿತಿಳಿ ಹೊಯ್ಯುವುದು ಆ ಕರಾವಳಿಯ ಆಚಾರವಾಯಿತು. ಹೊಸ ದೋಣಿಗೆ ಹೆಪ್ಪು ಹಾಕುವುದು ಹಳೆಯ ದೋಣಿಯ ನೊರೆಯಿಂದ. ಮದುವೆಯಾದ ಹೆಣ್ಣು ತವರಿನ ದೋಣಿಯಿಂದ ಒಂದು ಚೂರು ನೊರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಗಂಡನ ಮನೆಗೆ ಬರುತ್ತಿದ್ದಳು. ನಮ್ಮ ಮನೆಯ ನೊರೆ ಗಟ್ಟಿ, ಅವರದ್ದು ಹುಳಿ, ಇವರದ್ದು ನೀರು ಎಂದು ಮೊಸರಿಗೆ ಮಾಡುವ ಜಗಳವನ್ನೆಲ್ಲ ಹೆಂಗಸರು ನೊರೆಗೂ ಮಾಡುತ್ತಿದ್ದರು. ಆದರೆ ಯಾರ ಮನೆಯ ಮೊಸರಾದರೂ ಮೂಲದ ಹೆಪ್ಪು ಒಂದೇ: ಗುಡ್ಡದ ಮೇಲಿನ ಪ್ರಯೋಗಾಲಯದ ತೊಟ್ಟಿಯಲ್ಲಿ ಬೆಳ್ಳಗೆ ಉಬ್ಬಿ ಕೂತಿದ್ದ ತಾಯಿನೊರೆ. ಪ್ರಯೋಗಾಲಯದ ಸರ್ಕಾರಿ ಹೆಸರು ಉದ್ದವಾಗಿತ್ತು. ಜನ ನೊರೆಮನೆ ಎಂದು ಕರೆದರು. ನೆರೆ ಬಂದ ಮೇಲೆ ನೆರೆಮನೆಗಿಂತ ನೊರೆಮನೆಯೇ ಹತ್ತಿರ ಎಂಬುದೂ ಶೀನನದೇ ಮಾತು.

ಶೀನ ನೊರೆಮನೆಯ ತಟ್ಟಾಳು. ದೋಣಿಯೊಳಗೆ ನೊರೆ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ನಾಣ್ಯದಿಂದ ಅದರ ಮೈ ತಟ್ಟಿ ಕಿವಿಗೊಡಬೇಕು. ಬದುಕಿದ್ದರೆ 'ಟಣ್'. ಸತ್ತು ಪದರವನ್ನು ಬಿಟ್ಟಿದ್ದರೆ 'ದಬ್'. ಒಳಗನ್ನು ನೋಡಬಲ್ಲ ಯಂತ್ರಗಳು ಇರಲಿಲ್ಲವೆಂದಲ್ಲ, ಜೀವಂತ ನೊರೆಯ ತೇವ ಅವುಗಳ ಕಣ್ಣಿಗೆ ಮಂಜು ಕವಿಸುತ್ತಿತ್ತು. ಕೊನೆಗೆ ನೊರೆಮನೆಯವರು ಕಣ್ಣಿನ ಯಂತ್ರ ಬಿಟ್ಟು ಕಿವಿಯ ಯಂತ್ರ ಮಾಡಿದರು. ತಟ್ಟಾಳಿನ ಅಂಗಿಗೆ ಸಿಕ್ಕಿಸಿದ ಮೈಕು ಸದ್ದನ್ನು ಗುಡ್ಡಕ್ಕೆ ಕಳಿಸುತ್ತಿತ್ತು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಆ ದೋಣಿಯ ಚುಕ್ಕಿ ಹಸಿರೋ ಕೆಂಪೋ ಆಗುತ್ತಿತ್ತು. ಯಂತ್ರಕ್ಕೆ ಟಣ್ ಯಾವುದು ದಬ್ ಯಾವುದು ಎಂದು ಪಾಠ ಹೇಳಿದ್ದು ಶೀನ. ಮಾದರಿಗೆ ರಾಶಿ ರಾಶಿ ಸದ್ದು ಬೇಕು ಎಂದಾಗ ಬಿಸಿಲಲ್ಲಿ ಅಲೆಯುವವರು ಯಾರು ಎಂದು ಅರ್ಧಕ್ಕರ್ಧವನ್ನು ಕ್ಯಾಂಟೀನಿನಲ್ಲಿ ಕೂತು ಬಾಯಿಂದಲೇ ಮಾಡಿ ಕೊಟ್ಟಿದ್ದ. ಯಂತ್ರ ತುಟಿಪಿಟಕ್ಕೆನ್ನದೆ ನುಂಗಿತ್ತು.

ಅವನ ಬಾಯಲ್ಲಿ ಇಡೀ ಊರಿತ್ತು. ಬೆಳ್ಳಕ್ಕಿ ಕೂಗುವುದು, ಮೋಟಾರು ಕೆಮ್ಮುವುದು, ಪಂಚಾಯತಿಯವರು ಮೈಕು ಪರೀಕ್ಷಿಸುವುದು, ಎಲ್ಲ. ನೊರೆಮನೆಯ ಮುಖ್ಯಸ್ಥೆ ಡಾ. ಜಲಜಾಕ್ಷಿ ಉಪಾಧ್ಯರಿಗೆ 'ಅಂದರೆ ಏನರ್ಥ?' ಎಂದು ತಾವೇ ಕೇಳಿಕೊಂಡು ತಾವೇ ಉತ್ತರ ಹೇಳುವ ಅಭ್ಯಾಸ. ಒಮ್ಮೆ ಶೀನ ಅವರ ದನಿಯಲ್ಲಿ ತೊಟ್ಟಿಯ ಕೋಣೆಗೆ ಫೋನು ಮಾಡಿ, ತಾಯಿನೊರೆಗೆ ಇವತ್ತು ಏಕಾದಶಿ, ಅಂದರೆ ಏನರ್ಥ, ತಿಳಿ ಕೊಡಬಾರದು ಎಂದಿದ್ದ. ಸಂಜೆಯವರೆಗೂ ತಾಯಿ ಉಪವಾಸವಿತ್ತು. ವಿಷಯ ತಿಳಿದ ಡಾಕ್ಟರು ಬೈಯಲು ಹೊರಟು, ನಡುವೆ 'ಅಂದರೆ ಏನರ್ಥ' ಎಂದುಬಿಟ್ಟು, ಎದುರಿಗಿದ್ದವರ ಮುಖ ನೋಡಿ ತಾವೂ ನಕ್ಕಿದ್ದರು. ಜನ ಶೀನನ ಕೈಯಲ್ಲಿ ಮೋಸಹೋಗುವುದನ್ನು ಇಷ್ಟಪಡುತ್ತಿದ್ದರು. ಅವನೂ ಯಾರಿಗೂ ನೋವಾಗದ ಮೋಸ ಮಾತ್ರ ಮಾಡುತ್ತಿದ್ದ.

ಹೆಂಡತಿ ಗುಲಾಬಿಯ ತವರು ಕಾಗೆಕುದ್ರು. ಮದುವೆಯಾದ ವರ್ಷ ಹೊಸ ಅಳಿಯ ಹಬ್ಬದೂಟಕ್ಕೆ ಹೋದಾಗ, ಊಟದ ಮೇಲೆ ಕುದ್ರುವಿನವರೆಲ್ಲ ಸುತ್ತ ಕೂತು ಒಂದು ಆಟ ತೋರಿಸು ಎಂದರು. ಶೀನ ದೋಣಿಯ ದನಿ ತೆಗೆದ. ಬರೀ ತೋರಿಸಿದ್ದಲ್ಲ, ಕಲಿಸಿದ. ದಬ್ ತುಟಿಯಿಂದ ಹೊರಡಬೇಕು. ಟಣ್ ಹಾಗಲ್ಲ, ನಾಲಗೆ ಅಂಗುಳಿಗೆ ಅಂಟಿಸಿ ಗಂಟಲಿಂದ ಚಿಮ್ಮಿಸಬೇಕು, ಮೂಗಿನಲ್ಲಿ ಅದರ ಬಾಲ ಉಳಿಯಬೇಕು. ಎಲ್ಲರೂ ಕಪ್ಪೆಗಳ ಹಾಗೆ ಶುರುಮಾಡಿದರು. ಕೊನೆಗೆ ಸರಿಯಾಗಿ ಬಂದದ್ದು ಗುಲಾಬಿಯ ಅಜ್ಜಿಗೆ. ಅಜ್ಜಿಯ ಹೆಸರು ಸಾನ್ವಿ. ಒಂದು ಕಾಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಸಾನ್ವಿ, ಆದ್ಯಾ ಎಂದೇ ಹೆಸರಿಟ್ಟದ್ದರಿಂದ ಈಗ ಅಜ್ಜಿಯರ ಹೆಸರೆಲ್ಲ ಅವೇ. ಮೊಮ್ಮಕ್ಕಳು ಬೇಸತ್ತು ಮತ್ತೆ ಶೀನ, ಗುಲಾಬಿ, ಬಚ್ಚ ಎಂಬಲ್ಲಿಗೆ ಮರಳಿದ್ದರು. ಸಾನ್ವಿಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಆ ಖಾಲಿ ಬಾಯಿಯಿಂದ ಟಣ್ ಎಂಬುದು ದೇವರಕೋಣೆಯ ಗಂಟೆಯ ಹಾಗೆ ಬಂತು. ಶೀನ ಕಾಲಿಗೆ ಬಿದ್ದು ನಮಸ್ಕಾರ ಮಾಡಿದ್ದ.

ಮೊದಲ ದಬ್ ಬಂದದ್ದು ಚಳಿ ಮುಗಿಯುವ ಹೊತ್ತಿಗೆ, ಬಡಗು ದಿಕ್ಕಿನ ಒಂದು ಊರಿನಿಂದ. ತಿಳಿ ಹೊಯ್ಯಲು ಮರೆತಿರಬೇಕು ಎಂದರು. ಆಮೇಲೆ ಪಕ್ಕದ ಊರು, ಅದರ ಪಕ್ಕದ್ದು. ತಿಳಿ ಹೊಯ್ದವರದ್ದೂ ದಬ್, ಹೊಯ್ಯದವರದ್ದೂ ದಬ್. ಸಾಯುವ ನೊರೆ ಮೊದಲು ಪದರವನ್ನು ಬಿಡುತ್ತಿತ್ತು, ಆಮೇಲೆ ಪುಡಿಯಾಗಿ ನೀರು ಕುಡಿಯುತ್ತಿತ್ತು. ನೋಡಲು ಗರಿದೋಣಿ ಗರಿದೋಣಿಯ ಹಾಗೆಯೇ. ಹೊಳೆಯ ನಡುವೆ ಒಂದು ದೊಡ್ಡ ಅಲೆ ಎತ್ತಿ ಕುಕ್ಕಿದಾಗ ಮಾತ್ರ ಅದು ಎರಡು ಹಪ್ಪಳವಾಗುತ್ತಿತ್ತು. ಮೀನಿಗೆ ಹೋದವರು ಹಾಗೆ ಹೋಗಿ ಹೋಗಿ ಮೀನಿಗೇ ಹೋದರು.

ನಿಯಂತ್ರಣ ಕೋಣೆಯ ಪರದೆಯಲ್ಲಿ ಕೆಂಪು ಕೆಳಕೆಳಗೆ ಇಳಿದು ಬರುತ್ತಿತ್ತು. ಡಾ. ಜಲಜಾಕ್ಷಿ ಎಲ್ಲರನ್ನೂ ಕೂರಿಸಿ ಬಿದಿರಿನ ವಿಷಯ ಹೇಳಿದರು. ಒಂದೇ ಮೆಳೆಯಿಂದ ಕಿತ್ತು ನಾಲ್ಕೂರಲ್ಲಿ ನೆಟ್ಟ ಬಿದಿರು, ನೆಟ್ಟ ಕಾಲ ಬೇರೆ ಬೇರೆಯಾದರೂ, ಹೂಬಿಡುವುದು ಒಂದೇ ಸಲ. ಹೂಬಿಟ್ಟ ಮೇಲೆ ಎಲ್ಲವೂ ಸಾಯುವುದು ಒಂದೇ ಸಲ. ಕಿತ್ತು ನೆಟ್ಟ ಮಾತ್ರಕ್ಕೆ ಅದು ಹೊಸತಾಗುವುದಿಲ್ಲ, ಮೆಳೆಯ ವಯಸ್ಸೇ ಅದರ ವಯಸ್ಸು. ಈ ನೊರೆಯೂ ಹಾಗೆ. ನಿನ್ನೆ ಹೆಪ್ಪು ಹಾಕಿದ ದೋಣಿಗೂ ಅಜ್ಜನ ಕಾಲದ ದೋಣಿಗೂ ಪ್ರಾಯ ಒಂದೇ.

"ಅಂದರೆ ಏನರ್ಥ?" ಎಂದು ಡಾಕ್ಟರು ಕೇಳಿಕೊಂಡರು. ಆ ದಿನ ಅವರು ಉತ್ತರ ಹೇಳಲಿಲ್ಲ. ಶೀನನಿಗೂ ಅಣಕಿಸಬೇಕೆನಿಸಲಿಲ್ಲ.

ತೊಟ್ಟಿಯ ಕೋಣೆಯಲ್ಲಿ ತಾಯಿನೊರೆ ಬೂದಿಬಣ್ಣಕ್ಕೆ ತಿರುಗಿ ತಳಕ್ಕಿಳಿಯತೊಡಗಿತ್ತು. ಹೊಸ ಜೀವಿಯನ್ನು ಕೆಸರಿನಿಂದ ಹುಡುಕಿ ಪಳಗಿಸಲು ಹಿಂದೆ ಹಿಡಿದಷ್ಟೇ ಕಾಲ ಹಿಡಿಯುತ್ತದೆ, ಅಂದರೆ ಒಂದು ತಲೆಮಾರು. ಮರದ ದೋಣಿಗಳು ಬೆಂಚಾಗಿ, ಆಮೇಲೆ ಸೌದೆಯಾಗಿ ಎಂದೋ ಮುಗಿದಿದ್ದವು. ಮಾಡಬಲ್ಲ ಕೈಗಳೂ ಇರಲಿಲ್ಲ, ಕಡಿಯಬಹುದಾದ ಮರವೂ ಉಪ್ಪುನೀರಿಗೆ ಉಳಿದಿರಲಿಲ್ಲ. ಸರ್ಕಾರ ಕೆಂಪು ಚುಕ್ಕಿಯ ಮನೆಗಳನ್ನೆಲ್ಲ ತೆರವು ಮಾಡಿಸಿ ಜನರನ್ನು ಘಟ್ಟದ ಮೇಲಿನ ಕಾಂಕ್ರೀಟು ಗೂಡುಗಳಿಗೆ ಸಾಗಿಸುವ ನಿಯಮ ಮಾಡಿತು. ನಿಯಮವೇನೋ ಬಂತು, ಸಾಗಿಸಲು ದೋಣಿ ಬರಲಿಲ್ಲ. ಮಳೆಗಾಲ ಹತ್ತಿರವಾಗುತ್ತಿತ್ತು. ಮಳೆ ಹಿಡಿದರೆ ಆ ನೀರಿನ ಮೇಲೆ ಗಟ್ಟಿ ದೋಣಿಯಿಲ್ಲದವನು ಇದ್ದಲ್ಲೇ ಇರಬೇಕು, ಔಷಧಿಯಿಲ್ಲದೆ, ಅಕ್ಕಿಯಿಲ್ಲದೆ, ಹೆರಿಗೆಯಾದರೂ ಸರಿ ಹೆಣವಾದರೂ ಸರಿ.

ಆಗ ಪರದೆಯಲ್ಲಿ ಒಂದು ವಿಚಿತ್ರ ಕಾಣಿಸಿತು. ಕೆಂಪಿನ ನಡುವೆ ಒಂದು ಹಿಡಿ ಹಸಿರು. ಕಾಗೆಕುದ್ರು.

ಡಾಕ್ಟರು ಶೀನನನ್ನು ಮತ್ತೆ ಮತ್ತೆ ಅಲ್ಲಿಗೆ ಕಳಿಸಿದರು. ಹೋದಾಗಲೆಲ್ಲ ಒಂದೇ ಕಥೆ. ಕುದ್ರುವಿನವರು ಗರಿದೋಣಿಗಳನ್ನು ಕಂಬದ ಮನೆಗಳ ಅಡಿಯಲ್ಲಿ ಹಗ್ಗ ಹಾಕಿ ತೂಗುಬಿಟ್ಟಿದ್ದರು. ತಟ್ಟಾಳು ಬಂದರೆ ಮನೆಮಂದಿಯೆಲ್ಲ ಕೆಳಗಿಳಿದು, ವೈದ್ಯರು ರೋಗಿಯನ್ನು ನೋಡುವಾಗ ನಿಲ್ಲುವ ಹಾಗೆ ದೋಣಿಯ ಸುತ್ತ ನಿಲ್ಲುವುದು ಎಲ್ಲ ಊರಿನ ಪದ್ಧತಿ. ಇಲ್ಲಿ ಯಾವ ಮನೆಗೆ ಹೋದರೂ ಸಾನ್ವಿಅಜ್ಜಿಯೂ ಜೊತೆಗೆ ಬಂದು, ದೋಣಿಯ ಆಚೆ ಮಗ್ಗುಲಲ್ಲಿ ಅದಕ್ಕೆ ಹಣೆ ತಾಗಿಸಿ, ಸೆರಗು ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಪ್ರಾರ್ಥಿಸುತ್ತಾಳೆ ಎಂದುಕೊಂಡು ಶೀನನ ಕಣ್ಣು ತೇವವಾಗುತ್ತಿತ್ತು. ನಾಣ್ಯ ತಟ್ಟಿದರೆ ಟಣ್. ಇನ್ನೊಂದು ಮನೆ, ಟಣ್. ದೋಣಿಗಳು ಯಾಕೆ ನೀರಿಗಿಳಿದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಗುಲಾಬಿಯ ಅಣ್ಣ ಬಚ್ಚ, ಈಗ ಮೀನು ಮನೆ ಬಾಗಿಲಿಗೇ ಬರುತ್ತದೆ ಭಾವ, ನಾವ್ಯಾಕೆ ಹೋಗಬೇಕು ಎಂದಿದ್ದ. ಶೀನ ಆ ಮಾತನ್ನು ಬಚ್ಚನ ದನಿಯಲ್ಲೇ ನೊರೆಮನೆಯಲ್ಲಿ ಒಪ್ಪಿಸಿ ಎಲ್ಲರನ್ನೂ ನಗಿಸಿದ್ದ.

ತಲೆಮಾರಿನಿಂದ ತಮ್ಮ ನೊರೆಯನ್ನು ತಾವೇ ಹೆಪ್ಪು ಹಾಕಿಕೊಂಡು ಬಂದವರು, ಅಲ್ಲಿ ಎಲ್ಲೋ ಒಂದು ಕಡೆ ಜೀವಿ ಬದಲಾಗಿದೆ, ಸಾವನ್ನು ದಾಟಿದೆ ಎಂದು ಡಾ. ಜಲಜಾಕ್ಷಿ ಲೆಕ್ಕ ಹಾಕಿದರು. ಹಾಗಿದ್ದರೆ ಅಲ್ಲಿಂದ ಒಂದು ಮುಷ್ಟಿ ಹೆಪ್ಪು ಸಾಕು. ತೊಟ್ಟಿಗಳಲ್ಲಿ ಬೆಳೆಸಿ, ಹಳೆಯ ದೋಣಿಗಳ ಮೂತಿಯಿಂದ ಸತ್ತ ಪುಡಿಯನ್ನು ಊದಿ ತೆಗೆದು, ಮಳೆ ಹಿಡಿಯುವುದರೊಳಗೆ ಹೊಸ ನೊರೆ ತುಂಬಬಹುದು.

ಅದೇ ವಾರ ರಾಜಧಾನಿಯಿಂದ ಫೋನು ಬಂತು. ಜನರನ್ನು ಸಾಗಿಸಬಲ್ಲ ಕಬ್ಬಿಣದ ಬಾರ್ಜು ದೋಣಿಗಳು ಒಂದಷ್ಟು ಸಿಕ್ಕಿವೆ, ಬೇಕೋ ಬೇಡವೋ ಈಗಲೇ ಹೇಳಿ, ತೆಂಕಣ ಕರಾವಳಿಯವರೂ ಕೇಳುತ್ತಿದ್ದಾರೆ, ಮಳೆ ಶುರುವಾದರೆ ಆಮೇಲೆ ಕಡಲಲ್ಲಿ ಅವನ್ನು ತಿರುಗಿಸಿ ತರಲಾಗದು ಎಂದರು. ಡಾಕ್ಟರು ಫೋನಿನ ಬಾಯಿಗೆ ಕೈ ಮುಚ್ಚಿ ಶೀನನ ಕಡೆ ನೋಡಿದರು.

"ಯಂತ್ರ ಹೇಳಿದ್ದು ಗೊತ್ತು. ನಿನ್ನ ಕಿವಿ ಏನು ಹೇಳುತ್ತದೆ, ಶೀನ?"

"ಗಂಟೆ ಮೇಡಂ. ನನ್ ಜೀವ್ಮಾನದಂಗೆ ಅಂಥಾ ಟಣ್ ಕೇಳಿದ್ದಿಲ್ಲೆ."

ಅವರು ಕೈ ತೆಗೆದು, ನಮಗೆ ಬೇಡ, ತೆಂಕಣದವರಿಗೆ ಏನೂ ಇಲ್ಲ, ಅವರಿಗೆ ಕೊಡಿ ಎಂದರು. ಅವರ ಕಣ್ಣಲ್ಲಿ ಕೊಟ್ಟವರ ಸುಖವಿತ್ತು. ಫೋನಿಟ್ಟ ಮೇಲೆ ಈ ಮಾತು ಹೊರಗೆ ಹೋಗಕೂಡದು, ತಾಯಿನೊರೆ ಸತ್ತದ್ದೂ ಹೋಗಕೂಡದು, ಹೊಸ ನೊರೆ ಉಕ್ಕಿದ ದಿನ ಎರಡನ್ನೂ ಒಟ್ಟಿಗೆ ಹೇಳೋಣ, ಜನ ಹೆದರಬಾರದು ಎಂದು ಎಲ್ಲರಿಂದ ಭಾಷೆ ತೆಗೆದುಕೊಂಡರು. ಶೀನ ಊರಿನ ದನಿಗಳನ್ನೆಲ್ಲ ಆಡುವವನಾದರೂ ಊರಿನ ಗುಟ್ಟು ಆಡುವವನಲ್ಲ. ಮನೆಯಲ್ಲೂ ಹೇಳಲಿಲ್ಲ.

ಮನೆಯಲ್ಲಿ ಗುಲಾಬಿಗೆ ತಿಂಗಳು ತುಂಬುತ್ತ ಬಂದಿತ್ತು. ಹೆರಿಗೆ ಆಷಾಢಕ್ಕೆ. ಆಸ್ಪತ್ರೆ ಇದ್ದದ್ದು ನೀರಿನ ಆಚೆ ದಡದಲ್ಲಿ. ಚೊಚ್ಚಲ ಸಲ ಮಗು ಅಡ್ಡ ತಿರುಗಿ, ಆಚೆ ದಡಕ್ಕೆ ಮುಟ್ಟಿದ್ದರಿಂದ ತಾಯಿ ಮಾತ್ರ ಉಳಿದಿದ್ದಳು. ಈ ಸಲ ಇಲ್ಲೇ ಇಟ್ಟುಕೊಳ್ಳುವ ಯೋಚನೆ ಮಾಡಬೇಡಿ ಎಂದು ನರ್ಸಮ್ಮ ಎಚ್ಚರಿಸಿದ್ದರು. ಅಂಗಳದ ಗೂಟಕ್ಕೆ ಕಟ್ಟಿದ ಅವರ ಸ್ವಂತ ಗರಿದೋಣಿಯನ್ನು ಶೀನ ತಟ್ಟುವುದನ್ನೇ ಬಿಟ್ಟಿದ್ದ. ಗುಲಾಬಿಯೂ ತಟ್ಟು ಎಂದು ಹೇಳುತ್ತಿರಲಿಲ್ಲ. ಮಂಗಳವಾರ ಮಾತ್ರ ಹೊಟ್ಟೆ ಹಿಡಿದುಕೊಂಡು ಇಳಿದು ಬಂದು ಅದಕ್ಕೆ ತಿಳಿ ಹೊಯ್ದು ಹೋಗುತ್ತಿದ್ದಳು. ಹೊಯ್ದ ತಿಳಿ ತಳದ ಬಿರುಕಿನಿಂದ ಅಂಗಳಕ್ಕೆ ಬರುತ್ತಿತ್ತು, ಕೋಳಿಗಳು ಬಂದು ಕುಡಿಯುತ್ತಿದ್ದವು.

ಹೆಪ್ಪು ತರಲು ಕುದ್ರುವಿಗೆ ಹೊರಡುವ ಬೆಳಿಗ್ಗೆ ಅವನು ಗಂಜಿ ಉಣ್ಣುತ್ತ, ನಿನ್ನ ತವರಿನ ದೋಣಿಗಳು ಭೂಮಿಯ ಮೇಲಿನ ಅದ್ಭುತ, ಆಷಾಢದ ಹೊತ್ತಿಗೆ ನಿನ್ನನ್ನು ಹೊಸ ನೊರೆಯ ದೋಣಿಯಲ್ಲಿ ರಾಣಿಯ ಹಾಗೆ ದಾಟಿಸುತ್ತೇನೆ ಎಂದ. ಗುಲಾಬಿ ತುಟಿ ಕಚ್ಚಿಕೊಂಡು ನಕ್ಕಳು. ತವರಿನ ಹೆಮ್ಮೆ ಎಂದು ಅವನು ಎಣಿಸಿದ. ಉಪ್ಪಿನಕಾಯಿ ಬಡಿಸಲು ಬಂದವಳು ಜಾಡಿ ಹಿಡಿದು ಅಲ್ಲೇ ನಿಂತಳು.

"ಹ್ವಾಯ್, ಒಂದ್ ಮಾತ್ ಹೇಳ್ತೆ. ಸಿಟ್ಟ್ ಮಾಡೂಕಾಗ."

ಮಾತು ಮುಂದುವರಿಯುವ ಮೊದಲೇ ಶೀನ ಅವಳ ಹೊಟ್ಟೆಯ ಹತ್ತಿರ ಬಾಯಿಟ್ಟು ಎಳೆಮಗು ಅಳುವ ದನಿ ತೆಗೆದ. ಆಮೇಲೆ ಆ ಮಗು ಡಾ. ಜಲಜಾಕ್ಷಿಯ ಹಾಗೆ, ಅಮ್ಮ ಉಪ್ಪಿನಕಾಯಿ ಬಡಿಸಲಿಲ್ಲ, ಅಂದರೆ ಏನರ್ಥ ಎಂದು ಕೇಳಿತು. ಗುಲಾಬಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಹೇಳಬೇಕಾದದ್ದನ್ನು ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳೋ ಏನೋ, ಜಾಡಿ ಮುಚ್ಚಿ ಒಳಗೆ ಹೋದಳು.

ನೊರೆಮನೆಯಲ್ಲಿ ಉಳಿದಿದ್ದ ಒಂದೇ ಅಲ್ಯೂಮಿನಿಯಂ ದೋಣಿಯಲ್ಲಿ, ಒಂದು ಕೈಯಲ್ಲಿ ನೀರು ಎತ್ತಿ ಚೆಲ್ಲುತ್ತ ಇನ್ನೊಂದು ಕೈಯಲ್ಲಿ ಮೋಟಾರು ಹಿಡಿದು ಶೀನ ಕಾಗೆಕುದ್ರು ಮುಟ್ಟಿದ. ಜೊತೆಗೆ ಹೆಪ್ಪು ತುಂಬಲು ಬಾಯಗಲದ ಗಾಜಿನ ಜಾಡಿ, ಪದರ ಕೊಯ್ಯುವ ಚೂರಿ. ಅಂಗಿಯಲ್ಲಿ ಮೈಕು, ಕಿವಿಯಲ್ಲಿ ಡಾಕ್ಟರ ದನಿ. ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ಪರದೆಯ ಮುಂದೆ ನಿಂತಿದ್ದಾರೆ ಎಂದು ಅವರೇ ಹೇಳಿದರು. ಪಡುವಣದಲ್ಲಿ ಮೊದಲ ಮೋಡ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು.

ಬಚ್ಚ ಮನೆಯಡಿ ತೂಗುಬಿಟ್ಟ ತಮ್ಮ ಗರಿದೋಣಿಯ ಮೂತಿ ಹಿಡಿದು ನಿಂತ. ಮನೆಮಂದಿ, ಪಕ್ಕದ ಮನೆಯವರು ಸುತ್ತ ಸೇರಿದರು. ಸಾನ್ವಿಅಜ್ಜಿ ಎಂದಿನಂತೆ ಆಚೆ ಮಗ್ಗುಲಿಗೆ ಹೋಗಿ ಹಣೆ ತಾಗಿಸಿ ಕೂತಳು.

"ಬಾ ಮಗಾ. ಗುಲಾಬಿ ಹ್ಯಾಂಗಿತ್ತ್?"

ಚೆನ್ನಾಗಿದ್ದಾಳೆ ಎಂದು ಶೀನ ನಾಣ್ಯ ತೆಗೆದ. ಕೊಯ್ಯುವ ಮೊದಲು ಒಮ್ಮೆ ತಟ್ಟಿ ಜೀವ ಇರುವ ಜಾಗ ಗುರುತಿಸಬೇಕಿತ್ತು. ಅಜ್ಜಿ ಕಣ್ಣು ಮುಚ್ಚಿದಳು. ಶೀನ ಕೈ ಎತ್ತಿ ಬೀಸಿದ. ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಒಂದು ಸೊಳ್ಳೆ ಕೂತಿದ್ದನ್ನು ನೋಡಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ.

ನಾಣ್ಯಕ್ಕೂ ದೋಣಿಗೂ ನಡುವೆ ಇನ್ನೂ ಒಂದು ಗೇಣು ಜಾಗವಿತ್ತು. ದೋಣಿ 'ಟಣ್' ಎಂದಿತು.

ಸೊಳ್ಳೆ ತನ್ನ ಪಾಡಿಗೆ ರಕ್ತ ಹೀರುತ್ತಿತ್ತು. ಶೀನ ಅದನ್ನು ಓಡಿಸಲಿಲ್ಲ. ಕೈಯನ್ನು ಮತ್ತೆ ಹಿಂದಕ್ಕೆ ಒಯ್ದು, ಅಂಗಿಯ ತೋಳು ಸರಕ್ ಎನ್ನುವಂತೆ ಬೀಸಿ, ಮತ್ತೆ ಗೇಣು ದೂರದಲ್ಲಿ ನಿಲ್ಲಿಸಿದ. ಟಣ್. ನಾಲಗೆ ಅಂಗುಳಿಗೆ, ಸದ್ದು ಗಂಟಲಿಗೆ, ಬಾಲ ಮೂಗಿಗೆ. ಅವನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು.

ಕಿವಿಯೊಳಗೆ ಡಾ. ಜಲಜಾಕ್ಷಿಯ ದನಿ ಕೇಳಿಸಿತು.

"ಎರಡು ಸಲ ಬಂತು ಶೀನ, ಚುಕ್ಕಿ ಹಸಿರು. ಅಂದರೆ ಏನರ್ಥ? ಬದುಕಿದೆ."

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು, ಅದು ಇಡೀ ಕೋಣೆಗೆ ಹಬ್ಬಿತು. ಶೀನ ಮೈಕನ್ನು ಆರಿಸಿ ಅಂಗಿಯಿಂದ ಬಿಚ್ಚಿ ಜೇಬಿಗೆ ಹಾಕಿದ, ಕಿವಿಯದನ್ನೂ ತೆಗೆದು ಅಲ್ಲೇ ಸೇರಿಸಿದ. ಚೂರಿಯನ್ನು ದೋಣಿಯ ಮಗ್ಗುಲಿಗೆ ಊರಿ ಒಂದು ಅಂಗೈ ಅಗಲ ಕೊಯ್ದ. ಹಳೆಯ ಡಬ್ಬದ ತಳದಲ್ಲಿ ಹುಳ ತಿಂದ ಅಕ್ಕಿಹಿಟ್ಟಿನ ಹಾಗೆ, ಬೂದುಬಣ್ಣದ ಪುಡಿ ಸುರಿದು ಅವನ ಪಾದದ ಮೇಲೆ ಬಿತ್ತು. ಸುರಿಯುತ್ತಲೇ ಇತ್ತು.

ಸಿಕ್ಕಿಬಿದ್ದವರಲ್ಲಿ ಮೊದಲು ನಕ್ಕವನು ಬಚ್ಚ. ಹಿಡಿದ ಮೂತಿ ಬಿಟ್ಟು ಕುಕ್ಕರಗಾಲಲ್ಲಿ ಕೂತು ನಕ್ಕ. ಅಜ್ಜಿ ಕಣ್ಣು ತೆರೆದು, ಕೊಯ್ದ ಜಾಗ ನೋಡಿ, ಸೆರಗು ಬಾಯಿಂದ ತೆಗೆದು ಹಲ್ಲಿಲ್ಲದ ವಸಡು ತೋರಿಸಿದಳು. ಆಮೇಲೆ ಎಲ್ಲರೂ. ಅವರ ನಗೆಯಲ್ಲಿ ಕೆಡುಕಿರಲಿಲ್ಲ; ಅಳಿಯನಿಗೆ ಎಲೆಯಡಿಗೆ ಹೋಳಿಗೆ ಮುಚ್ಚಿಟ್ಟು ಬಡಿಸಿದವರ ನಗೆ ಅದು.

"ನೀನೇ ಅಲ್ದಾ ಕಲ್ಸಿದ್ದ್?" ಎಂದಳು ಅಜ್ಜಿ. "ಊರಿಗೆಲ್ಲ ಟೋಪಿ ಹಾಕುವನಿಗೆ ನಾವ್ ಹಾಕ್ತ್."

ಗುಲಾಬಿಗೂ ಗೊತ್ತಿತ್ತು ಭಾವ ಎಂದು ಬಚ್ಚ ಕಣ್ಣೊರೆಸಿಕೊಳ್ಳುತ್ತ ಹೇಳಿದ. ಅವರು ಹೇಳಿದ್ದರಲ್ಲಿ ಸುತ್ತುಬಳಸು ಇರಲಿಲ್ಲ. ಯುಗಾದಿಯ ಹೊತ್ತಿಗೇ ಇಲ್ಲಿ ಎಲ್ಲ ದಬ್ ಆಗಿತ್ತು. ಚುಕ್ಕಿ ಕೆಂಪಾದರೆ ಮನೆ ಬಿಡಿಸಿ ಘಟ್ಟಕ್ಕೆ ಒಯ್ಯುತ್ತಾರೆ. ಅಲ್ಲಿ ಇವರು ತಿನ್ನುವ ಚಿಪ್ಪುಮೀನು ಇಲ್ಲ, ಇವರನ್ನು ಬಲ್ಲ ನೀರು ಇಲ್ಲ. ಯಾರೂ ದೋಣಿ ಇಳಿಸದೆ ಮಳೆಗಾಲ ಒಂದನ್ನು ಹೇಗಾದರೂ ಕಳೆದರೆ ಆಯಿತು ಎಂದು ಎಲ್ಲ ಮನೆಯವರೂ ಕೂಡಿ ತೀರ್ಮಾನಿಸಿದ್ದರು. ಟಣ್ ಎನ್ನುವ ಕೆಲಸ ಅಜ್ಜಿಗೆ. ಯಂತ್ರ ಅವಳ ಬಾಯನ್ನು ಒಮ್ಮೆಯೂ ಅನುಮಾನಿಸಲಿಲ್ಲ ಎಂಬುದು ಅವರಿಗೂ ಆಶ್ಚರ್ಯವೇ. ಶೀನನಿಗೆ ಆಶ್ಚರ್ಯವಾಗಲಿಲ್ಲ. ಯಂತ್ರ ಟಣ್ ಎಂಬುದನ್ನು ಮೊದಲು ಕೇಳಿದ್ದೇ ಒಂದು ಬಾಯಿಂದ.

ಅವನ ಮುಖ ನೋಡಿ ಅಜ್ಜಿ ಎದ್ದು ಬಂದಳು. ಪುಡಿ ಮೆತ್ತಿದ ಅವನ ಪಾದವನ್ನು ತನ್ನ ಸೆರಗಿನಿಂದ ಒರೆಸಿದಳು.

"ಬೇಜಾರ್ ಮಾಡೂಕಾಗ ಮಗಾ. ನಮ್ದ್ ಸತ್ರೆ ಸಾಯ್ಲಿ, ತಾಯಿ ಇತ್ತಲೆ ನೊರೆಮನೆಯಂಗೆ. ಮಳಿ ಕಳ್ದ್ ಮೇಲೆ ಒಂದ್ ಮುಷ್ಟಿ ಹೆಪ್ಪ್ ತಂದ್ ಕೊಡ್. ಅಷ್ಟ್ ಸಾಕ್."

ಶೀನ ತನ್ನ ಕೈಯಲ್ಲಿದ್ದ ಜಾಡಿಯನ್ನು ನೋಡಿದ. ಒಂದು ಮುಷ್ಟಿ ಹೆಪ್ಪಿಗೆಂದೇ ತೊಳೆದು ಒಣಗಿಸಿ ತಂದ ಜಾಡಿ. ಜೇಬಿನಲ್ಲಿ ಚಪ್ಪಾಳೆ ಇನ್ನೂ ನಡೆಯುತ್ತಿತ್ತು, ಸಣ್ಣಗೆ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ತೆಂಕಣದ ಕಡಲಲ್ಲಿ ಬಾರ್ಜುಗಳು ಇಷ್ಟು ಹೊತ್ತಿಗೆ ಲಂಗರು ಹಾಕಿ ಜನರನ್ನು ಹತ್ತಿಸಿಕೊಳ್ಳುತ್ತಿರಬೇಕು. ತಾಯಿನೊರೆ ಸತ್ತದ್ದನ್ನೂ ಬಾರ್ಜು ಬಿಟ್ಟುಕೊಟ್ಟದ್ದನ್ನೂ ಹೇಳಲು ಅವನು ಬಾಯಿ ತೆರೆದ. ತಾಯಿ ಎಂದ. ಮುಂದಿನ ಮಾತು ಬರುವ ಬದಲು ಒಂದು ನಗು ಬಂತು.

ಅದನ್ನು ಕಂಡು ಕುದ್ರುವಿನವರಿಗೆ ನಿರಾಳವಾಯಿತು. ಅಳಿಯ ಸಿಟ್ಟಾಗಿಲ್ಲ ಎಂದು ಅವರೂ ಮತ್ತೆ ನಕ್ಕರು, ಬಚ್ಚ ಅವನ ಬೆನ್ನು ತಟ್ಟಿದ. ಶೀನ ಹೊಟ್ಟೆ ಹಿಡಿದುಕೊಂಡ. ಜಾಡಿ ಕೆಸರಿನ ಮೇಲೆ ಬಿದ್ದು ಒಡೆಯದೆ ಉರುಳಿತು. ಮೊದಲ ಹನಿಗಳು ತಗಡಿನ ಮಾಡಿನ ಮೇಲೆ ಬಿದ್ದವು. ಒಬ್ಬೊಬ್ಬರೇ ನಗು ನಿಲ್ಲಿಸಿ ಅವನ ಮುಖವನ್ನು, ಆಮೇಲೆ ಪಕ್ಕದವರ ಮುಖವನ್ನು ನೋಡತೊಡಗಿದರು. ಬಚ್ಚನ ಕೈ ಅವನ ಬೆನ್ನ ಮೇಲೆಯೇ ನಿಂತುಹೋಯಿತು. ಎಂತ ಆಯ್ತು ಮಗಾ, ಎಂತ ಆಯ್ತು ಎಂದು ಅಜ್ಜಿ ಕೇಳುತ್ತಲೇ ಇದ್ದಳು. ಮಳೆಯ ಸದ್ದಿನ ಮೇಲೆ, ಅಲ್ಲಿದ್ದವರೆಲ್ಲ ಕೂಡಿ ನಕ್ಕದ್ದಕ್ಕಿಂತ ಗಟ್ಟಿಯಾಗಿ, ಉಸಿರಿಗೂ ಬಿಡುವು ಕೊಡದೆ ಶೀನ ನಗುತ್ತಿದ್ದ.